“ಅನುಭವ ಇದೆಯಾಮ್ಮಾ?”: ನರ್ಸಮ್ಮನ ಮೊದಲ ಕೆಲಸದ ಹಿಂದಿನ ಚರಿತ್ರೆ

ಈಚೆಗೆ ಅಕ್ಕನ ಮಗಳ ಜೊತೆ ಬೆಂಗಳೂರಿಗೆ ಹೋಗಿದ್ದೆ. ಅವಳು ಜಿಎನ್‌ಎಂ ಮುಗಿಸಿ ನಾಲ್ಕು ತಿಂಗಳಾಗಿತ್ತು. ಪ್ಲಾಸ್ಟಿಕ್ ಫೈಲಿನಲ್ಲಿ ಮಾರ್ಕ್ಸ್ ಕಾರ್ಡು, ನರ್ಸಿಂಗ್ ಕೌನ್ಸಿಲ್ ನೋಂದಣಿ ಪತ್ರ, ಆರು ಫೋಟೊ. ಒಂದೇ ದಿನ ಮೂರು ಆಸ್ಪತ್ರೆ ಸುತ್ತಿದೆವು. ಎರಡು ಕಡೆ ಕೇಳಿದ್ದು ಒಂದೇ ಮಾತು: “ಅನುಭವ ಇದೆಯಾಮ್ಮಾ?” ಮೂರನೆಯ ಕಡೆ ಕೆಲಸ ಕೊಡುತ್ತೇವೆ ಅಂದರು. ಆದರೆ ಎರಡು ವರ್ಷದ ಬಾಂಡ್ ಬರೆದುಕೊಡಬೇಕು, ಒರಿಜಿನಲ್ ಸರ್ಟಿಫಿಕೇಟುಗಳು ಅವರ ಬೀರುವಿನಲ್ಲೇ ಇರಬೇಕು.

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದಳು: “ಮಾವ, ಯಾರೂ ಕೆಲಸ ಕೊಡದಿದ್ರೆ ಅನುಭವ ಎಲ್ಲಿಂದ ಬರುತ್ತೆ?”

ನನ್ನ ಬಳಿ ಉತ್ತರ ಇರಲಿಲ್ಲ. ಊರಿಗೆ ಬಂದು ಹಳೆಯದನ್ನು ಓದುತ್ತಾ ಹೋದೆ. ಈ ಪ್ರಶ್ನೆ ಮೊದಲಿನಿಂದ ಇದ್ದದ್ದಲ್ಲ, ನಡುವೆ ಹುಟ್ಟಿಕೊಂಡದ್ದು ಅಂತ ಗೊತ್ತಾಯಿತು.

ಮೊದಲು ಕೆಲಸ, ಆಮೇಲೆ ಸರ್ಟಿಫಿಕೇಟು

ಫ್ಲಾರೆನ್ಸ್ ನೈಟಿಂಗೇಲ್ ಹೆಸರು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಕ್ರಿಮಿಯಾ ಯುದ್ಧದಲ್ಲಿ ದೀಪ ಹಿಡಿದು ಗಾಯಾಳುಗಳನ್ನು ನೋಡಿಕೊಂಡ ಕಥೆ ಅದು. ಅವರ ದೊಡ್ಡ ಕೆಲಸ ನಡೆದದ್ದು ಯುದ್ಧ ಮುಗಿದ ಮೇಲೆ. ಜನ ಕೊಟ್ಟ ದೇಣಿಗೆಯಲ್ಲಿ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ತೆರೆದರು. ಮೊದಲ ತಂಡದಲ್ಲಿ ಸೇರಿದವರು 15 ಮಂದಿ.

ಆ ಶಾಲೆಯಲ್ಲಿ ಹುಡುಗಿಯರು ಫೀಸು ಕಟ್ಟುತ್ತಿರಲಿಲ್ಲ. ಊಟ, ವಸತಿ ಶಾಲೆಯದೇ, ಕೈಗೆ ಸ್ವಲ್ಪ ಭತ್ಯೆ ಬೇರೆ. ಒಂದು ವರ್ಷ ವಾರ್ಡಿನಲ್ಲೇ ಕಲಿಯಬೇಕು. ಆಮೇಲೆ ಕೆಲವು ವರ್ಷ ಶಾಲೆಯವರು ಹೇಳಿದ ಆಸ್ಪತ್ರೆಯಲ್ಲಿ ದುಡಿಯಬೇಕು. ಬಾಂಡ್‌ನ ಬೇರು ಇಲ್ಲಿದೆ ನೋಡಿ. ಆದರೆ ಆ ಬಾಂಡ್‌ಗೆ ಅರ್ಥವಿತ್ತು: ಪುಕ್ಕಟೆ ಕಲಿಸಿದ್ದೇವೆ, ಬದಲಿಗೆ ದುಡಿದುಕೊಡು ಅಂತ. ಮೊದಲ ಕೆಲಸ ಹುಡುಕುವ ಪ್ರಶ್ನೆಯೇ ಇರಲಿಲ್ಲ. ಕಲಿಯಲು ಸೇರಿದ ದಿನವೇ ಕೆಲಸಕ್ಕೆ ಸೇರಿದ ಹಾಗೆ.

ನಮ್ಮ ಕಡೆಗೆ ಬಂದದ್ದು

ಅಷ್ಟು ದಿನ ನಮ್ಮ ಹಳ್ಳಿಗಳಲ್ಲಿ ಈ ಕೆಲಸ ಯಾರದಾಗಿತ್ತು? ಸೂಲಗಿತ್ತಿಯದು. ನಮ್ಮ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಅಜ್ಜಿಯಿಂದ ಕಲಿತು, ಸಾವಿರಾರು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಅವರನ್ನು ಯಾರೂ ಅನುಭವ ಇದೆಯಾ ಅಂತ ಕೇಳಲಿಲ್ಲ. ಅಜ್ಜಿಯ ಪಕ್ಕ ಕೂತದ್ದೇ ಅನುಭವ.

ಆಸ್ಪತ್ರೆಯ ನರ್ಸಿಂಗ್ ನಮ್ಮಲ್ಲಿಗೆ ಬಂದದ್ದು ಸೈನ್ಯ, ಸರ್ಕಾರ, ಮಿಷನ್ ಆಸ್ಪತ್ರೆಗಳ ಮೂಲಕ. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆ 1886ರದು. ವಿಕ್ಟೋರಿಯಾ ಆಸ್ಪತ್ರೆ ತೆರೆದದ್ದು 1900ರಲ್ಲಿ. ಉಡುಪಿಯಲ್ಲಿ ಸ್ವಿಟ್ಜರ್ಲೆಂಡಿನ ಡಾ. ಈವಾ ಲೊಂಬಾರ್ಡ್ 1923ರಲ್ಲಿ ಹೆಂಗಸರು, ಮಕ್ಕಳಿಗಾಗಿ ಆಸ್ಪತ್ರೆ ಶುರು ಮಾಡಿದರು.

ಆಗ ನಮ್ಮ ಮನೆಗಳವರು ಹೆಣ್ಣುಮಕ್ಕಳನ್ನು ಈ ಕೆಲಸಕ್ಕೆ ಕಳಿಸುತ್ತಿರಲಿಲ್ಲ. ರಕ್ತ, ಮೈಲಿಗೆ, ರಾತ್ರಿ ಪಾಳಿ, ಪರಗಂಡಸರ ಮೈ ಮುಟ್ಟುವುದು, ಒಂದೊಂದಕ್ಕೂ ಜಾತಿ ಅಡ್ಡ ಬರುತ್ತಿತ್ತು. ಹಾಗಾಗಿ ಬಂದವರಲ್ಲಿ ಹೆಚ್ಚಿನವರು ಕ್ರೈಸ್ತ ಹೆಣ್ಣುಮಕ್ಕಳು, ಆಂಗ್ಲೋ ಇಂಡಿಯನ್ನರು, ವಿಧವೆಯರು, ಆಸರೆ ಇಲ್ಲದವರು. ಮುಂದೆ ಕೇರಳದವರು ಬಂದರು. ಇವತ್ತು ನಾವು ಬಾಯಿತುಂಬ ಕರೆಯುವ ‘ಸಿಸ್ಟರ್’ ಅನ್ನುವ ಮಾತಿನಲ್ಲೇ ಕ್ರೈಸ್ತ ಸನ್ಯಾಸಿನಿಯರ ನೆನಪಿದೆ.

ಸೀಟು ಖಾಲಿ ಇದ್ದ ಕಾಲ

ಸ್ವಾತಂತ್ರ್ಯಕ್ಕೆ ಮುಂಚೆ ಭೋರ್ ಸಮಿತಿ ಇಡೀ ದೇಶದ ಆರೋಗ್ಯದ ಲೆಕ್ಕ ಹಾಕಿ 1946ರಲ್ಲಿ ವರದಿ ಕೊಟ್ಟಿತು. ಆಗ ದೇಶದಲ್ಲಿದ್ದ ನರ್ಸ್‌ಗಳು ಸುಮಾರು 7,000. ಅಂದರೆ 43,000 ಜನಕ್ಕೆ ಒಬ್ಬರು. ನಿಮ್ಮ ಹೋಬಳಿಯ ಜನರನ್ನೆಲ್ಲ ಮನಸ್ಸಿನಲ್ಲೇ ಎಣಿಸಿ, ಅಷ್ಟಕ್ಕೂ ಒಬ್ಬರೇ ನರ್ಸಮ್ಮ ಅಂದುಕೊಳ್ಳಿ.

1947ರಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂತು. ನಮ್ಮ ರಾಜ್ಯದಲ್ಲಿ ನರ್ಸ್ ಮತ್ತು ಸೂಲಗಿತ್ತಿಯರ ನೋಂದಣಿಗೆ 1961ರ ಕಾಯ್ದೆ ಇದೆ. ಹಳ್ಳಿಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರ, ಉಪಕೇಂದ್ರ ಬಂದವು, ಎಎನ್‌ಎಂ ಅಕ್ಕಂದಿರು ಬಂದರು. ಆ ಕಾಲದಲ್ಲಿ ಕೆಲಸವೇ ನರ್ಸ್‌ಗಾಗಿ ಕಾಯುತ್ತಿತ್ತು. ಆಸ್ಪತ್ರೆಯ ಶಾಲೆಯಲ್ಲಿ ಕಲಿತು, ಕಾಂಪೌಂಡಿನೊಳಗಿನ ಹಾಸ್ಟೆಲಿನಲ್ಲಿದ್ದು, ಪಾಸಾದ ಮೇಲೆ ಅದೇ ವಾರ್ಡಿನಲ್ಲಿ ಸ್ಟಾಫ್ ಆದವರು ಬಹಳ. ಕಷ್ಟ ಇರಲಿಲ್ಲ ಅಂತಲ್ಲ. ಕಲಿಯುವ ಹೆಸರಿನಲ್ಲಿ ಅವರಿಂದ ವಿಪರೀತ ದುಡಿಸಿಕೊಳ್ಳುತ್ತಿದ್ದರು. ಆದರೆ ಬಾಗಿಲಲ್ಲಿ ನಿಲ್ಲಿಸಿ ಅನುಭವ ಕೇಳುತ್ತಿರಲಿಲ್ಲ.

ಕಾಲೇಜು ಒಂದು ಕಡೆ, ಆಸ್ಪತ್ರೆ ಇನ್ನೊಂದು ಕಡೆ

ಗಲ್ಫ್, ಇಂಗ್ಲೆಂಡ್, ಅಮೆರಿಕದಿಂದ ನರ್ಸ್‌ಗಳಿಗೆ ಬೇಡಿಕೆ ಬಂದಾಗ ಲೆಕ್ಕ ತಿರುಗಿತು. 1990ರ ನಂತರ ನಮ್ಮ ರಾಜ್ಯದಲ್ಲಿ ಖಾಸಗಿ ನರ್ಸಿಂಗ್ ಶಾಲೆ, ಕಾಲೇಜುಗಳು ಒಂದರ ಹಿಂದೆ ಒಂದು ತೆರೆದವು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಶುರುವಾಯಿತು. ಹೊರರಾಜ್ಯದ ಮಕ್ಕಳು ಬಸ್ಸು ತುಂಬಿ ಬಂದರು.

ಮೊದಲು ಆಸ್ಪತ್ರೆಗೆ ನರ್ಸ್ ಬೇಕು ಅಂತ ಶಾಲೆ ಇತ್ತು. ಈಗ ಎಷ್ಟೋ ಕಡೆ ಫೀಸು ಬೇಕು ಅಂತ ಶಾಲೆ. ಮಕ್ಕಳು ಬೇರೆಯವರ ಆಸ್ಪತ್ರೆಗೆ ಹೋಗಿ ಪ್ರಾಕ್ಟಿಕಲ್ ಮಾಡಿ ಬರುತ್ತಾರೆ. ಆ ಆಸ್ಪತ್ರೆಗೆ ಅವರು ಯಾರೋ. ವಾರ್ಡಿನಲ್ಲಿ ಸವೆಸಿದ ಆ ದಿನಗಳನ್ನು ‘ಅನುಭವ’ ಅಂತ ಯಾರೂ ಎಣಿಸುವುದಿಲ್ಲ. ಅತ್ತ ವಿದೇಶದವರು ಒಂದೆರಡು ವರ್ಷದ ಅನುಭವ ಕೇಳುತ್ತಾರೆ. ಆ ಪತ್ರಕ್ಕಾಗಿ ಕಡಿಮೆ ಸಂಬಳಕ್ಕೂ ದುಡಿಯಲು ಮಕ್ಕಳು ಸಿಗುತ್ತಾರೆ ಅಂತ ಆಸ್ಪತ್ರೆಗಳಿಗೆ ಗೊತ್ತು.

ಬಾಂಡ್ ಉಳಿಯಿತು, ಅದರ ಅರ್ಥ ಮಾತ್ರ ತಿರುವುಮುರುವಾಯಿತು. ಅಂದು ಪುಕ್ಕಟೆ ಕಲಿತವರು ಬರೆದುಕೊಡುತ್ತಿದ್ದರು. ಇಂದು ಅಪ್ಪ ಹೊಲ ಅಡವಿಟ್ಟು ಫೀಸು ಕಟ್ಟಿದವಳು ಬರೆದುಕೊಡಬೇಕು.

ಇದರ ವಿರುದ್ಧ ನರ್ಸ್‌ಗಳು ದನಿ ಎತ್ತಿದ್ದಾರೆ. ಕೇರಳದಲ್ಲಿ 2011-12ರಲ್ಲಿ ದೊಡ್ಡ ಮುಷ್ಕರಗಳೇ ನಡೆದವು. ನರ್ಸ್‌ಗಳ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. 2016ರಲ್ಲಿ ಕೋರ್ಟ್ ಹೇಳಿದಂತೆ ಕೇಂದ್ರ ಸರ್ಕಾರ ಸಮಿತಿ ಮಾಡಿತು. 50 ಹಾಸಿಗೆಗಿಂತ ಕಡಿಮೆ ಇರುವ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗೆ ಕಮ್ಮಿ ಇರಬಾರದು, 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ಸಂಬಳದಷ್ಟೇ ಕೊಡಬೇಕು ಅಂತ ಸಮಿತಿ ಹೇಳಿತು. ಜಾರಿ ಮಾಡುವುದು ರಾಜ್ಯಗಳ ಕೈಯಲ್ಲಿತ್ತು. ನಿಮ್ಮ ಊರಿನ ನರ್ಸಿಂಗ್ ಹೋಮಿನ ಸಿಸ್ಟರ್‌ಗೆ ಎಷ್ಟು ಬರುತ್ತೆ ಅಂತ ಒಮ್ಮೆ ಕೇಳಿ ನೋಡಿ.

ಅಕ್ಕನ ಮಗಳಿಗೆ ಹೇಳಿದ್ದು

ಇಷ್ಟೆಲ್ಲ ಓದಿ ಅವಳಿಗೆ ಹೇಳಿದೆ: “ತಪ್ಪು ನಿನ್ನದಲ್ಲಮ್ಮ. ಹಿಂದೆ ಮೊದಲ ಅನುಭವ ಕೊಡುವುದು ಆಸ್ಪತ್ರೆಯ ಜವಾಬ್ದಾರಿ ಆಗಿತ್ತು. ಅದನ್ನು ಈಗ ನಿನ್ನ ತಲೆಗೆ ಕಟ್ಟಿದ್ದಾರೆ.”

ಮೂರು ಮಾತು ಗಟ್ಟಿ ಮಾಡಿಕೊಂಡೆವು. ಒರಿಜಿನಲ್ ಸರ್ಟಿಫಿಕೇಟು ತೋರಿಸುವುದು, ಕೈಬಿಡುವುದಿಲ್ಲ. ಸಂಬಳ, ಪಾಳಿ ಬರೆದ ನೇಮಕ ಪತ್ರ ಕೇಳುವುದು. ಬಿಡುವಾಗ ಅನುಭವ ಪತ್ರ ಕೊಡುತ್ತಾರಾ ಅಂತ ಸೇರುವ ಮೊದಲೇ ಕೇಳುವುದು. ಜೊತೆಗೆ, ಆರೋಗ್ಯ ಇಲಾಖೆಯ ಗುತ್ತಿಗೆ ಹುದ್ದೆಗಳಿಗೆ ಜಿಲ್ಲಾ ಮಟ್ಟದಲ್ಲಿ ಕರೆಯುವ ಅರ್ಜಿಗಳ ಮೇಲೆ ಕಣ್ಣಿಡುವುದು.

ಈಗ ಅವಳು ನಮ್ಮ ತಾಲ್ಲೂಕಿನಲ್ಲೇ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿದ್ದಾಳೆ. ಸಂಬಳ ಸಮಿತಿ ಹೇಳಿದ್ದಕ್ಕಿಂತ ಬಹಳ ಕಡಿಮೆ. ರಾತ್ರಿ ಪಾಳಿ ಜಾಸ್ತಿ. ಆದರೆ ಬಾಂಡ್ ಇಲ್ಲ, ಸರ್ಟಿಫಿಕೇಟುಗಳು ಅಕ್ಕನ ಟ್ರಂಕಿನಲ್ಲಿವೆ. ಮೊನ್ನೆ ಪಕ್ಕದ ಮನೆಯ ಅಜ್ಜಿ ಬಿ.ಪಿ. ನೋಡಿಸಿಕೊಳ್ಳಲು ಬಂದು, “ನರ್ಸಮ್ಮ ಎದ್ದಿದ್ದಾಳಾ?” ಅಂತ ಕೇಳಿತು. ಪಾಳಿ ಮುಗಿಸಿ ಆಗಷ್ಟೇ ಮಲಗಿದ್ದವಳು ಎದ್ದು ಬಂದಳು.