ಹವಾಯಿಯ ಹನಿಕ್ರೀಪರ್ ಹಕ್ಕಿಗಳು ಮತ್ತು ಹವಾಮಾನ ಹೊಂದಾಣಿಕೆ

ಹನಿಕ್ರೀಪರ್ ಎಂಬುದು ಹವಾಯಿ ದ್ವೀಪಗಳಲ್ಲಲ್ಲದೆ ಬೇರೆಲ್ಲೂ ಕಾಣದ ಹಾಡುಹಕ್ಕಿಗಳ ಗುಂಪು. ಲಕ್ಷಾಂತರ ವರ್ಷಗಳ ಹಿಂದೆ ಏಷ್ಯಾದಿಂದ ಪೆಸಿಫಿಕ್ ದಾಟಿ ಬಂದ ಫಿಂಚ್ ಜಾತಿಯ ಹಕ್ಕಿಗಳಿಂದ ಇಲ್ಲಿ ಐವತ್ತಕ್ಕೂ ಹೆಚ್ಚು ಪ್ರಭೇದಗಳು ಕವಲೊಡೆದವು. ಕೆಲವಕ್ಕೆ ಮಕರಂದ ಹೀರಲು ಬಾಗಿದ ಕೊಕ್ಕು, ಕೆಲವಕ್ಕೆ ತೊಗಟೆ ಸೀಳಿ ಹುಳು ಹೆಕ್ಕಲು ಗಿಳಿಯಂಥ ಕೊಕ್ಕು. ಇಂದು ಉಳಿದಿರುವುದು ಸುಮಾರು 17 ಪ್ರಭೇದ. ಪೆಸಿಫಿಕ್ ದ್ವೀಪಗಳ ಹವಾಮಾನ ಎಂದೊಡನೆ ಉಕ್ಕುವ ಕಡಲಿನ ಮಾತು ಬರುತ್ತದೆ; ಆದರೆ ಈ ಹಕ್ಕಿಗಳಿಗೆ ಕುತ್ತಾಗಿರುವುದು ಬೆಟ್ಟ ಹತ್ತುತ್ತಿರುವ ಬಿಸಿ, ಅದರೊಡನೆ ಮೇಲೇರುತ್ತಿರುವ ಸೊಳ್ಳೆ.

ಹವಾಯಿಯಲ್ಲಿ ಮೊದಲು ಸೊಳ್ಳೆಯೇ ಇರಲಿಲ್ಲ. 1826ರಲ್ಲಿ ಮಾವಿ ದ್ವೀಪದ ಲಹೈನಾಕ್ಕೆ ಬಂದ ಹಡಗೊಂದರ ನೀರಿನ ಪೀಪಾಯಿಗಳಲ್ಲಿ ಅದರ ಮರಿಹುಳುಗಳು ಬಂದವೆನ್ನುತ್ತಾರೆ. ಕ್ಯೂಲೆಕ್ಸ್ ಕ್ವಿಂಕಿಫ್ಯಾಸಿಯೇಟಸ್ ಎಂಬ ಈ ಸೊಳ್ಳೆ ನಮಗೂ ಹಳೆಯ ಪರಿಚಯದ್ದೇ: ಭಾರತದಲ್ಲಿ ಆನೆಕಾಲು ರೋಗ ಹರಡುವುದು ಇದೇ. ಮುಂದೆ ಹೊರಗಿನಿಂದ ತಂದು ಬಿಟ್ಟ ಹಕ್ಕಿಗಳೊಂದಿಗೆ ಹಕ್ಕಿ ಮಲೇರಿಯಾ ಬಂತು. ಆ ರೋಗವನ್ನೇ ಕಂಡಿರದ ಹನಿಕ್ರೀಪರ್‌ಗಳು ತಗ್ಗಿನ ಕಾಡುಗಳಿಂದ ಬಹುಮಟ್ಟಿಗೆ ಅಳಿದುಹೋದವು. ಕೆಂಪು ಬಣ್ಣದ ಇಇವಿ ಹಕ್ಕಿಯ ಮೇಲೆ ನಡೆಸಿದ ಪ್ರಯೋಗದಲ್ಲಿ, ಸೋಂಕಿತ ಸೊಳ್ಳೆಯ ಒಂದೇ ಕಡಿತಕ್ಕೆ ಹತ್ತರಲ್ಲಿ ಒಂಬತ್ತು ಹಕ್ಕಿಗಳು ಸತ್ತವು.

ಉಳಿದವನ್ನು ಕಾದದ್ದು ಚಳಿ. ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಮಲೇರಿಯಾ ಪರಾವಲಂಬಿ ಸೊಳ್ಳೆಯೊಳಗೆ ಬೆಳೆಯಲಾರದು. ಹೀಗಾಗಿ ಎತ್ತರದ ಕಾಡುಗಳು ಆಸರೆಯಾದವು. ಆದರೆ ಎಲ್ಲ ದ್ವೀಪಗಳೂ ಒಂದೇ ಎತ್ತರದವಲ್ಲ. ಹವಾಯಿ ದ್ವೀಪದ ಮೌನಾ ಕೇಯಾ 4,207 ಮೀಟರ್ ಎತ್ತರಕ್ಕಿದ್ದರೆ ಕವಾಯಿ ದ್ವೀಪದ ಶಿಖರ 1,600 ಮೀಟರನ್ನೂ ಮುಟ್ಟುವುದಿಲ್ಲ. ಬಿಸಿ ಏರಿದಂತೆ ಕವಾಯಿಯ ಹಕ್ಕಿಗಳಿಗೆ ಮೇಲೆ ಹೋಗಲು ಬೆಟ್ಟವೇ ಇಲ್ಲ. ಅಲ್ಲಿನ ಅಲಕಾಯಿ ಪ್ರಸ್ಥಭೂಮಿಯಲ್ಲಿ ಸೋಂಕಿನ ಪ್ರಮಾಣ 1990ರ ದಶಕದಿಂದ ಎರಡು ದಶಕಗಳೊಳಗೆ ದುಪ್ಪಟ್ಟಿಗೂ ಹೆಚ್ಚಾದುದನ್ನು ವಿಜ್ಞಾನಿಗಳು 2014ರಲ್ಲಿ ವರದಿ ಮಾಡಿದರು. ಅದೇ ಕಾಡಿನ ಅಕಿಕಿಕಿ ಎಂಬ ಬೂದು ಹಕ್ಕಿ 2023ರ ಹೊತ್ತಿಗೆ ಬೆರಳೆಣಿಕೆಯಷ್ಟೇ ಉಳಿಯಿತು. ಆ ವರ್ಷ ಅಮೆರಿಕ ಸರ್ಕಾರ ಅಳಿದುಹೋದವೆಂದು ಸಾರಿದ 21 ಜೀವಿಗಳಲ್ಲಿ ಎಂಟು ಹವಾಯಿಯ ಹಕ್ಕಿಗಳು.

ಎತ್ತರದ ದ್ವೀಪದಲ್ಲೂ ತೊಡಕಿದೆ. ಮೌನಾ ಕೇಯಾದ ಇಳಿಜಾರಿನಲ್ಲಿ ಕಾಡಿನ ಮೇಲಂಚನ್ನು ದನದ ಹುಲ್ಲುಗಾವಲುಗಳು ನುಂಗಿದ್ದವು. ಹಕ್ಕಿ ಮೇಲೇರಿದರೂ ಮರವಿಲ್ಲ. 1985ರಲ್ಲಿ ಸ್ಥಾಪನೆಯಾದ ಹಕಲಾವು ವನ್ಯಧಾಮದಲ್ಲಿ ಕೋಆ ಮರಗಳನ್ನು ನೆಟ್ಟು ಕಾಡನ್ನು ಮೇಲಕ್ಕೆ ಹಬ್ಬಿಸುವ ಕೆಲಸ ದಶಕಗಳಿಂದ ನಡೆದಿದೆ. ಕಾಡುಹಂದಿಗಳನ್ನು ಬೇಲಿಯಿಂದಾಚೆ ಇಡುವುದೂ ಸೊಳ್ಳೆ ನಿಯಂತ್ರಣದ ಭಾಗವೇ. ಮರದಷ್ಟೆತ್ತರದ ಜರೀಗಿಡದ ಕಾಂಡವನ್ನು ಹಂದಿ ತಿಂದು ಟೊಳ್ಳು ಮಾಡಿದರೆ ಅಲ್ಲಿ ಮಳೆನೀರು ನಿಂತು ಸೊಳ್ಳೆ ಮರಿಯಾಗುತ್ತದೆ.

ಹಕ್ಕಿಗಳನ್ನು ಬೇರೆಡೆಗೆ ಒಯ್ಯುವ ಯತ್ನ ಕಹಿ ಪಾಠ ಕಲಿಸಿತು. 2019ರಲ್ಲಿ ಮಾವಿಯ ನಕುಲ ಪ್ರದೇಶದಲ್ಲಿ ಬಿಟ್ಟ ಕಿವಿಕಿಯು ಎಂಬ ಹನಿಕ್ರೀಪರ್‌ಗಳಲ್ಲಿ ಹೆಚ್ಚಿನವು ಮಲೇರಿಯಾಕ್ಕೆ ಬಲಿಯಾದವು. ಹಕ್ಕಿಗಳನ್ನು ಕೂಡಿಟ್ಟು ಬೆಳೆಸುವ ಸಾಕಣೆ ಕೇಂದ್ರಗಳೂ ನಿರಾತಂಕವಲ್ಲ: 2023ರ ಆಗಸ್ಟ್‌ನ ಕಾಳ್ಗಿಚ್ಚು ಮಾವಿಯ ಸಾಕಣೆ ಕೇಂದ್ರದ ಸನಿಹಕ್ಕೇ ಬಂದಿತ್ತು.

ಹೀಗಾಗಿ ಈಗ ಗಮನವೆಲ್ಲ ಸೊಳ್ಳೆಯ ಮೇಲೆ. ಸರ್ಕಾರಿ ಇಲಾಖೆಗಳು ಮತ್ತು ಸಂರಕ್ಷಣಾ ಸಂಸ್ಥೆಗಳು ಸೇರಿದ 'ಬರ್ಡ್ಸ್, ನಾಟ್ ಮಸ್ಕಿಟೋಸ್' ಒಕ್ಕೂಟ 2023ರ ಕೊನೆಯಿಂದ ಮಾವಿಯ ಕಾಡಿನಲ್ಲಿ ಪ್ರಯೋಗಾಲಯದಲ್ಲಿ ಬೆಳೆಸಿದ ಗಂಡು ಸೊಳ್ಳೆಗಳನ್ನು ಹೆಲಿಕಾಪ್ಟರ್‌ನಿಂದ ಬಿಡತೊಡಗಿತು. ಗಂಡು ಸೊಳ್ಳೆ ಕಚ್ಚುವುದಿಲ್ಲ. ಇವುಗಳ ದೇಹದಲ್ಲಿ ಕಾಡಿನ ಸೊಳ್ಳೆಗಳಲ್ಲಿರುವುದಕ್ಕಿಂತ ಬೇರೆ ಬಗೆಯ ವಾಲ್ಬಾಕಿಯಾ ಬ್ಯಾಕ್ಟೀರಿಯಾ ಇರುವುದರಿಂದ, ಇವುಗಳೊಡನೆ ಕೂಡಿದ ಕಾಡಿನ ಹೆಣ್ಣು ಇಡುವ ಮೊಟ್ಟೆ ಒಡೆಯುವುದಿಲ್ಲ. ಸೊಳ್ಳೆಗಳ ವಂಶವಾಹಿಯನ್ನು ಇಲ್ಲಿ ತಿದ್ದಿಲ್ಲ. ಇದರ ಬಗ್ಗೆ ಸ್ಥಳೀಯರಲ್ಲಿ ಎದ್ದ ಅನುಮಾನಗಳಿಗೆ ಒಕ್ಕೂಟ ಮತ್ತೆಮತ್ತೆ ಉತ್ತರಿಸಬೇಕಾಗಿ ಬಂದಿದೆ. ದುರ್ಗಮ ಕಣಿವೆಗಳಿಗಾಗಿ 2025ರಲ್ಲಿ ಡ್ರೋನ್ ಬಳಕೆಯೂ ಆರಂಭವಾಯಿತು. ಬಿಡುವುದು ನಿಂತರೆ ಕಾಡಿನ ಸೊಳ್ಳೆಗಳು ಮತ್ತೆ ಹೆಚ್ಚುವುದರಿಂದ, ವಾರವಾರವೂ ಲಕ್ಷಗಟ್ಟಲೆ ಗಂಡುಗಳನ್ನು ಬಿಡುತ್ತಲೇ ಇರಬೇಕು.

ಹವಾಯಿ ದ್ವೀಪದ ತಗ್ಗಿನಲ್ಲಿ ಬದುಕುವ ಕೆಲವು ಅಮಾಕಿಹಿ ಹಕ್ಕಿಗಳು ಮಾತ್ರ ಮಲೇರಿಯಾ ತಾಳಿಕೊಳ್ಳುವ ಶಕ್ತಿ ಗಳಿಸಿವೆ. ಈ ಗುಣ ಬೆಳೆಯಲು ಹಕ್ಕಿಗಳ ದೊಡ್ಡ ಸಂಖ್ಯೆ ಮತ್ತು ಹಲವು ತಲೆಮಾರುಗಳು ಬೇಕು. ಅಕಿಕಿಕಿ, ಕಿವಿಕಿಯುಗಳಿಗೆ ಇವೆರಡೂ ಉಳಿದಿಲ್ಲ.