ರಾಣಿಯ ಹೆಸರಿನ ಊರು, ನಾಲ್ಕು ರೂಪಾಯಿಯ ಕೂಲಿ

ಅಸ್ಸಾಮಿನ ಪೂರ್ವದ ತುದಿಯಲ್ಲಿ, ಅರುಣಾಚಲದ ಬೆಟ್ಟಗಳು ಶುರುವಾಗುವ ಕಡೆ, ಮಾರ್ಗೆರಿಟಾ ಎಂಬ ಊರಿದೆ. ಹೆಸರು ಅಸ್ಸಾಮಿಯದಲ್ಲ, ಬಂಗಾಳಿಯದೂ ಅಲ್ಲ, ಇಟಲಿಯ ರಾಣಿಯದು. 1880ರ ದಶಕದಲ್ಲಿ ಅಲ್ಲಿ ರೈಲು ಹಳಿ ಹಾಕಿಸಿದ ಎಂಜಿನಿಯರ್ ಪಗಾನಿನಿ ಇಟಲಿಯವನಾದ್ದರಿಂದ ಅವನ ಗೌರವಕ್ಕಾಗಿ ಅವನ ದೇಶದ ರಾಣಿಯ ಹೆಸರು ಇಟ್ಟರಂತೆ. ನಮ್ಮ ಮಕ್ಕಳು ಫೋನಿನಲ್ಲಿ ಆರ್ಡರ್ ಮಾಡುವ ಮಾರ್ಗೆರಿಟಾ ಪಿಜ್ಜಾಗೂ ಇದೇ ರಾಣಿಯ ಹೆಸರು ಎನ್ನುತ್ತಾರೆ. ಆ ಮಹಾತಾಯಿ ಈ ಊರನ್ನು ನೋಡಲಿಲ್ಲ. ಇಲ್ಲಿನ ತೋಟಗಳಲ್ಲಿ ಬದುಕು ಸವೆಸಿದ ಹೆಂಗಸರ ಹೆಸರಿನ ಊರು ಮಾತ್ರ ನಕಾಶೆಯಲ್ಲಿ ಹುಡುಕಿದರೂ ಸಿಗುವುದಿಲ್ಲ.

ಆ ಸೀಮೆ ಕಂಪನಿ ಸರ್ಕಾರದ ಕೈಗೆ ಬಂದದ್ದು 1826ರಲ್ಲಿ, ಬರ್ಮಾದೊಂದಿಗಿನ ಯಾಂದಬೊ ಒಪ್ಪಂದದ ನಂತರ. ಚಹಾ ಗಿಡದ ವಿಷಯ ಇಂಗ್ಲಿಷರಿಗೆ ಅದಕ್ಕೂ ಸ್ವಲ್ಪ ಮೊದಲೇ ತಿಳಿದಿತ್ತು. 1823ರಲ್ಲಿ ರಾಬರ್ಟ್ ಬ್ರೂಸ್ ಎಂಬ ವ್ಯಾಪಾರಿಗೆ ಸಿಂಗ್ಫೋ ಜನರ ಮುಖ್ಯಸ್ಥ ಬೆಸ್ಸಾ ಗಾಮ್ ಅದರ ಪರಿಚಯ ಮಾಡಿಸಿದ. ಸಿಂಗ್ಫೋಗಳು ಆ ಎಲೆಯನ್ನು ಹಿಂದಿನಿಂದಲೂ ಬಳಸುತ್ತಿದ್ದರು. ಆದರೂ ಪುಸ್ತಕಗಳಲ್ಲಿ ‘ಬ್ರೂಸ್ ಚಹಾ ಕಂಡುಹಿಡಿದ’ ಎಂದೇ ಬರೆದಿರುತ್ತದೆ. ದಾರಿ ತೋರಿಸಿದವರಲ್ಲಿ ಅಸ್ಸಾಮಿನವನೇ ಆದ ಮಣಿರಾಮ್ ದಿವಾನ್ ಕೂಡ ಒಬ್ಬ. ಮುಂದೆ ಅವನು ತಾನೇ ತೋಟ ಮಾಡಿದ; ಮೊದಲ ಭಾರತೀಯ ಪ್ಲಾಂಟರ್ ಎನಿಸಿಕೊಂಡ. 1857ರ ದಂಗೆಯಲ್ಲಿ ಕೈಯಿದೆ ಎಂದು 1858ರ ಫೆಬ್ರವರಿಯಲ್ಲಿ ಜೋರ್ಹಾಟಿನಲ್ಲಿ ಅವನನ್ನು ನೇಣಿಗೆ ಹಾಕಿದರು.

1839ರಲ್ಲಿ ಅಸ್ಸಾಂ ಚಹಾ ಲಂಡನ್ನಿನಲ್ಲಿ ಮೊದಲ ಬಾರಿ ಹರಾಜಾಯಿತು. ಅದೇ ವರ್ಷ ಅಸ್ಸಾಂ ಕಂಪನಿ ಹುಟ್ಟಿತು. ಭೂಮಿ ಬೇಕಾದಷ್ಟಿತ್ತು, ಕಾಡು ಕಡಿದು ಗಿಡ ನೆಡಲು ಆಳು ಇರಲಿಲ್ಲ. ಸ್ವಂತ ಗದ್ದೆಯಿದ್ದ ಅಸ್ಸಾಮಿನ ರೈತರು ಕಂಪನಿಯ ಕೂಲಿಗೆ ಒಲ್ಲೆ ಎಂದರು. ಮೊದಲು ಚೀನಿಯರನ್ನು ಕರೆತಂದರು, ಅದು ನಡೆಯಲಿಲ್ಲ. ಕೊನೆಗೆ ಕಣ್ಣು ಬಿದ್ದದ್ದು ಛೋಟಾನಾಗಪುರದ ಕಡೆ. ಬರ, ಸಾಲ, ಕೈತಪ್ಪಿದ ಜಮೀನುಗಳಿಂದ ಕಂಗಾಲಾಗಿದ್ದ ಮುಂಡಾ, ಒರಾವ್, ಸಂತಾಲ ಜನ ಅಲ್ಲಿದ್ದರು. ಒಡಿಶಾ ಮತ್ತು ಆಂಧ್ರದ ಕಡೆಯಿಂದಲೂ ಜನ ಬಂದರು.

ಊರೂರು ತಿರುಗಿ ಜನರನ್ನು ಹೊರಡಿಸುತ್ತಿದ್ದ ದಲ್ಲಾಳಿಗೆ ‘ಅರ್ಕಾಟಿ’ ಎಂದು ಹೆಸರು. ಅಲ್ಲಿ ಹೊಟ್ಟೆ ತುಂಬ ಊಟ, ಕೈತುಂಬ ದುಡ್ಡು ಎಂದು ನಂಬಿಸುವುದೇ ಅವನ ಕೆಲಸ. ತೋಟದ ಜನರ ಝುಮುರ್ ಹಾಡುಗಳಲ್ಲಿ ಒಂದು, ಮಿನಿ ಎಂಬ ಹುಡುಗಿಯನ್ನು ‘ಇಲ್ಲಿ ಕಷ್ಟ, ಅಸ್ಸಾಮಿಗೆ ಹೋಗೋಣ ಬಾ’ ಎಂಬ ಭಾವದಲ್ಲಿ ಕರೆಯುತ್ತದೆ. ಹಾಡು ಮುಗಿಯುವ ಹೊತ್ತಿಗೆ ಅದೇ ಬಾಯಿ, ಮೋಸ ಮಾಡಿ ಕಳುಹಿಸಿದೆಯಲ್ಲ ಎಂದು ದಲ್ಲಾಳಿಯನ್ನು ಶಪಿಸುತ್ತದೆ. ಇಂದಿಗೂ ಅದು ಅಸ್ಸಾಮಿನಲ್ಲಿ ಜನಪ್ರಿಯ. ಹಬ್ಬದಲ್ಲಿ ಕುಣಿಯುವವರೆಲ್ಲ ಅರ್ಥಕ್ಕೆ ಕಿವಿಗೊಡುತ್ತಾರೋ ಇಲ್ಲವೋ.

ಹಡಗಿನ ಪ್ರಯಾಣವೇ ಮೊದಲ ಗಂಡಾಂತರ. ಬ್ರಹ್ಮಪುತ್ರದಲ್ಲಿ ಮೇಲ್ಮುಖವಾಗಿ ವಾರಗಟ್ಟಲೆ, ಕುರಿಗಳಂತೆ ತುಂಬಿಕೊಂಡು ಬರುತ್ತಿದ್ದ ಜನರಲ್ಲಿ ಕಾಲರಾ ಹಬ್ಬುತ್ತಿತ್ತು. ತೋಟ ಮುಟ್ಟಿದವರಿಗೆ ಮಲೇರಿಯಾ, ಕಾಲಾ ಅಜಾರ್. 1863ರಿಂದ 1866ರ ನಡುವೆ ಬಂದಿಳಿದವರು ಸುಮಾರು 85,000. ಅವರಲ್ಲಿ 30,000ಕ್ಕೂ ಹೆಚ್ಚು ಮಂದಿ 1866ರ ಮಧ್ಯದ ಹೊತ್ತಿಗೆ ತೀರಿಕೊಂಡಿದ್ದರು.

ಇದರ ನಡುವೆಯೇ ಸರ್ಕಾರ 1865ರಲ್ಲಿ ಒಂದು ಕಾಯ್ದೆ ತಂದಿತು. ನಮ್ಮಂಥ ಓದುಗರು ನಿಂತು ನೋಡಬೇಕಾದದ್ದು ಇಲ್ಲಿ. ತಿಂಗಳಿಗೆ ಗಂಡಸಿಗೆ 5 ರೂಪಾಯಿ, ಹೆಂಗಸಿಗೆ 4, ಮಕ್ಕಳಿಗೆ 3 ಎಂದು ಕನಿಷ್ಠ ಕೂಲಿ ಗೊತ್ತುಪಡಿಸಿದರು. ತೋಟ ಬಿಟ್ಟು ಓಡಿದವರನ್ನು ವಾರಂಟ್ ಇಲ್ಲದೆ ಹಿಡಿಯುವ ಅಧಿಕಾರವನ್ನೂ ತೋಟದ ಸಾಹೇಬನಿಗೆ ಅದೇ ಕಾಯ್ದೆ ಕೊಟ್ಟಿತು. 1882ರ ಹೊಸ ಕಾಯ್ದೆ ಕರಾರನ್ನು 5 ವರ್ಷಕ್ಕೆ ಏರಿಸಿ, ಮೊದಲ ಮೂರು ವರ್ಷಕ್ಕೆ ಅದೇ ಐದು–ನಾಲ್ಕನ್ನೇ ಇಟ್ಟಿತು. ಸಾಹೇಬರ ಬಂಧನಾಧಿಕಾರ ಹೋದದ್ದು 1908ರಲ್ಲಿ.

ಹೆಂಗಸಿಗೆ ಒಂದು ರೂಪಾಯಿ ಕಡಿಮೆ ಯಾಕೆ? ಕೆಲಸ ಹಗುರ ಎಂಬ ನೆಪ ಹೇಳಬಹುದು. ಆದರೆ ಚಹಾ ತೋಟದಲ್ಲಿ ದುಡ್ಡು ಹುಟ್ಟುವುದೇ ಎರಡು ಎಲೆ, ಒಂದು ಕುಡಿ ಚಿವುಟುವ ಕೆಲಸದಿಂದ, ಮತ್ತು ಅದು ಬಹುಪಾಲು ಹೆಂಗಸರದ್ದು. ತೋಟದವರಿಗೆ ಸಂಸಾರ ಸಮೇತ ಬರುವವರೇ ಬೇಕಾಗಿತ್ತು. ಒಂಟಿ ಗಂಡಸು ಓಡಿಹೋಗುತ್ತಾನೆ. ಕಂಕುಳಲ್ಲಿ ಮಗುವಿರುವವಳು ಎಲ್ಲಿಗೆ ಓಡಿಯಾಳು? ಆ ಮಗು ದೊಡ್ಡದಾದರೆ ಅದೇ ಲೈನ್ ಮನೆಯಲ್ಲಿ ಮುಂದಿನ ಆಳು. ಆ ದೂರದ ಸೀಮೆಯಲ್ಲಿ ಜನವಸತಿ ನೆಲೆಗೊಂಡದ್ದು ಸಾಹೇಬರ ಸಾಹಸದಿಂದ ಎಂದು ಹೇಳುವವರಿದ್ದಾರೆ. ನನ್ನ ಮಟ್ಟಿಗೆ ಅದು ನೆಲೆಗೊಂಡದ್ದು ಈ ನಾಲ್ಕು ರೂಪಾಯಿಯವಳಿಂದ.

ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೂ ಘಟ್ಟದ ಕೆಳಗಿನಿಂದ, ಬಯಲುಸೀಮೆಯಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳು ತರುತ್ತಿದ್ದರು. ಸಾಲ, ದಬ್ಬಾಳಿಕೆ ಅಲ್ಲೂ ಇತ್ತು. ಆದರೆ ಕೆಲಸದ ಕಾಲ ಮುಗಿದರೆ ಬಹಳ ಮಂದಿ ಊರಿಗೆ ಮರಳುತ್ತಿದ್ದರು. ಅಸ್ಸಾಮಿಗೆ ಹೋದವರಿಗೆ ಆ ದಾರಿಯೇ ಇರಲಿಲ್ಲ.

ಚಹಾದ ಹಿಂದೆಯೇ ರೈಲು, ಕಲ್ಲಿದ್ದಲು, ಎಣ್ಣೆ ಬಂದವು. 1881ರಲ್ಲಿ ಹುಟ್ಟಿದ ಅಸ್ಸಾಂ ರೈಲ್ವೇಸ್ ಅಂಡ್ ಟ್ರೇಡಿಂಗ್ ಕಂಪನಿ ದಿಬ್ರುಗಢದ ನದಿ ದಂಡೆಯಿಂದ ಹೊರಡಿಸಿದ ಹಳಿ 1884ರ ಹೊತ್ತಿಗೆ ಮಾರ್ಗೆರಿಟಾ ಮುಟ್ಟಿತು. ಲೀಡೊ ಗಣಿಯ ಕಲ್ಲಿದ್ದಲು ಅದರಲ್ಲೇ ಇಳಿದು ಬಂತು. ಹತ್ತಿರದ ದಿಗ್ಬೋಯಲ್ಲಿ 1889ರಲ್ಲಿ ಕೊರೆಯತೊಡಗಿದ ಬಾವಿ ಮರುವರ್ಷ 662 ಅಡಿ ಆಳಕ್ಕೆ ಮುಗಿಯಿತು, ಎಣ್ಣೆ ಸಿಕ್ಕಿತು. ಕಾಡಿನಿಂದ ಬಂದ ಆನೆಯ ಕಾಲಿಗೆ ಎಣ್ಣೆ ಮೆತ್ತಿದ್ದನ್ನು ನೋಡಿ ಸಾಹೇಬ ‘ಡಿಗ್, ಬಾಯ್!’ ಎಂದು ಕೂಗಿದ್ದರಿಂದ ಊರಿಗೆ ಆ ಹೆಸರು ಬಂತೆಂಬ ಕಥೆ ಬಾಯಿಂದ ಬಾಯಿಗೆ ಬಂದಿದೆ. ಕಥೆ ಚೆನ್ನಾಗಿದೆ, ನಂಬಬೇಕಾಗಿಲ್ಲ. ಆ ‘ಬಾಯ್’ ಯಾರು, ಅವನ ಹೆಸರೇನು ಎಂಬುದು ಕಥೆಯಲ್ಲೂ ಇಲ್ಲ. 1901ರಲ್ಲಿ ಶುರುವಾದ ದಿಗ್ಬೋಯ್ ಎಣ್ಣೆ ಶುದ್ಧೀಕರಣ ಕಾರ್ಖಾನೆ ಇಂದಿಗೂ ನಡೆಯುತ್ತಿದೆ.

ಮೊದಲು ಬಂದ ಚೀನಿಯರನ್ನು ಮರೆಯುವಂತಿಲ್ಲ. ಅವರಲ್ಲಿ ಮತ್ತು ನಂತರ ಬಂದವರಲ್ಲಿ ಕೆಲವರು ಮಾಕುಮ್ ಎಂಬ ಊರಿನ ಸುತ್ತ ನೆಲೆಸಿ ಅಲ್ಲಿನವರನ್ನೇ ಮದುವೆಯಾದರು. 1962ರ ಯುದ್ಧದಲ್ಲಿ ಅವರ ಸಂತತಿಯನ್ನು ಹಿಡಿದು ರಾಜಸ್ಥಾನದ ದೇವಲಿ ಶಿಬಿರಕ್ಕೆ ಸಾಗಿಸಿದರು. ಹಲವರನ್ನು ಚೀನಾಕ್ಕೇ ಕಳುಹಿಸಿದರು. ಲೇಖಕಿ ರೀತಾ ಚೌಧುರಿ ತಮ್ಮ ‘ಮಾಕಾಮ್’ ಕಾದಂಬರಿಯಲ್ಲಿ ಇವರ ಕಥೆ ಬರೆದ ಮೇಲೆಯೇ ಅನೇಕರಿಗೆ ಇದು ಗೊತ್ತಾಯಿತು.

ತೋಟದ ಹೆಂಗಸರು ಸುಮ್ಮನೆ ಕುಳಿತವರೂ ಅಲ್ಲ. ಮಾಲತಿ ಮೇಮ್ ಎಂದು ಕರೆಯುವ ಮಂಗ್ರಿ ಒರಾಂಗ್ ಚಹಾ ತೋಟದ ಕೂಲಿ. ಅಸಹಕಾರ ಚಳವಳಿಯ ಕಾಲದಲ್ಲಿ ಅಫೀಮು, ಹೆಂಡದ ವಿರುದ್ಧ ನಿಂತ ಆಕೆ 1921ರಲ್ಲಿ ದರಂಗ್ ಜಿಲ್ಲೆಯ ಲಾಲ್‌ಮಾಟಿಯಲ್ಲಿ ಪ್ರಾಣ ಕಳೆದುಕೊಂಡಳು. ಸ್ವಾತಂತ್ರ್ಯ ಹೋರಾಟದಲ್ಲಿ ಮಡಿದ ಅಸ್ಸಾಮಿನ ಮೊದಲ ಮಹಿಳೆಯರಲ್ಲಿ ಅವಳನ್ನು ನೆನೆಯುತ್ತಾರೆ. ಇನ್ನು ಆ ಒಂದು ರೂಪಾಯಿಯ ಮಾತು: ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ ಕಾನೂನು ಬಂದದ್ದು ಅಂತಾರಾಷ್ಟ್ರೀಯ ಮಹಿಳಾ ವರ್ಷವಾದ 1975ರ ಸುಗ್ರೀವಾಜ್ಞೆಯಿಂದ, ಮರುವರ್ಷ ಕಾಯ್ದೆಯಾಗಿ. 1865ರಿಂದ ಲೆಕ್ಕ ಹಾಕಿದರೆ 110 ವರ್ಷ.

ಬೇರೆ ಬೇರೆ ಕಡೆಯಿಂದ ಬಂದವರು ಒಂದೇ ಲೈನ್ ಮನೆಗಳಲ್ಲಿ ಬಾಳಿ, ಸಾದ್ರಿಗೆ ಅಸ್ಸಾಮಿ, ಬಂಗಾಳಿ ಬೆರೆಸಿ ಆಡುವ ಮಾತಿಗೆ ಅಲ್ಲಿ ‘ಬಾಗಾನಿಯಾ’ ಎನ್ನುತ್ತಾರೆ. ಬಾಗಾನ್ ಎಂದರೆ ತೋಟ. ಹೊರನಾಡಿನಲ್ಲಿ ಮಕ್ಕಳ ಬಾಯಲ್ಲಿ ಕನ್ನಡ ಉಳಿಸಲು ಹೆಣಗುವ ನಮಗೆ ಇದು ಬೇಗ ಅರ್ಥವಾಗುವ ಸಂಗತಿ. ಜಾರ್ಖಂಡಿನಲ್ಲಿ ಉಳಿದ ಮುಂಡಾ, ಒರಾವ್ ಬಂಧುಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಅಸ್ಸಾಮಿನ ತೋಟಕ್ಕೆ ಬಂದವರ ಮೊಮ್ಮಕ್ಕಳು ಅಲ್ಲಿ ಹಿಂದುಳಿದ ವರ್ಗದ ಪಟ್ಟಿಗೆ ಸೇರಿದರು. ಪಟ್ಟಿ ಬದಲಿಸಿ ಎಂದು ದಶಕಗಳಿಂದ ಕೇಳುತ್ತಾ ಬಂದಿದ್ದಾರೆ.