ಗ್ರಾಫೀನ್: ಕೈಗಾರಿಕಾ ಉತ್ಪಾದನೆಯ ಇತಿಹಾಸ

ಇಂಗಾಲದ ಪರಮಾಣುಗಳು ಷಟ್ಕೋನಗಳಾಗಿ ಹೆಣೆದುಕೊಂಡು ಆದ, ಒಂದೇ ಪರಮಾಣುವಿನಷ್ಟು ದಪ್ಪದ ಹಾಳೆಯೇ ಗ್ರಾಫೀನ್. ಇಂಥ ಹಾಳೆಗಳು ಒಂದರ ಮೇಲೊಂದು ಕೂತರೆ ಗ್ರಾಫೈಟ್, ಅಂದರೆ ಪೆನ್ಸಿಲ್ ಕಡ್ಡಿಯಲ್ಲಿರುವ ವಸ್ತು. ಒಂದು ಮಿಲಿಮೀಟರ್ ದಪ್ಪದ ಗ್ರಾಫೈಟಿನಲ್ಲಿ ಸುಮಾರು 30 ಲಕ್ಷ ಪದರಗಳಿರುತ್ತವೆ. ಪದರದೊಳಗಿನ ಬಂಧ ಬಹಳ ಗಟ್ಟಿ, ಪದರ ಪದರಗಳ ನಡುವಿನ ಹಿಡಿತ ಸಡಿಲ. ಹಾಗಾಗಿ ಉತ್ಪಾದಕರ ಮುಂದೆ ಮೊದಲಿನಿಂದಲೂ ಎರಡೇ ದಾರಿ: ಇರುವ ಗ್ರಾಫೈಟಿನಿಂದ ಪದರಗಳನ್ನು ಬಿಡಿಸುವುದು, ಇಲ್ಲವೇ ಅನಿಲದಿಂದ ಹೊಸ ಪದರವನ್ನು ಬೆಳೆಸುವುದು. ಈ ಎರಡು ದಾರಿಗಳಲ್ಲಿ ಸಿಗುವ ಸರಕು ಒಂದೇ ಅಲ್ಲ. ಒಂದು, ಟನ್ ಲೆಕ್ಕದಲ್ಲಿ ಮಾರಾಟವಾಗುವ ಕಪ್ಪು ಪುಡಿ, ಇನ್ನೊಂದು ಕಣ್ಣಿಗೆ ಕಾಣದ ಪಾರದರ್ಶಕ ಪೊರೆ. ಎರಡಕ್ಕೂ ಒಂದೇ ಹೆಸರು ಅಂಟಿಕೊಂಡಿರುವುದೇ ಈ ಉದ್ಯಮದ ಬಹುಪಾಲು ಗೊಂದಲಕ್ಕೆ ಮೂಲ.

ಪದರ ಬಿಡಿಸುವ ರಸಾಯನಶಾಸ್ತ್ರ ಗ್ರಾಫೀನ್ ಎಂಬ ಹೆಸರಿಗಿಂತ ಬಹಳ ಹಳೆಯದು. 1859ರಲ್ಲಿ ಆಕ್ಸ್‌ಫರ್ಡ್‌ನ ಬೆಂಜಮಿನ್ ಬ್ರಾಡಿ ಗ್ರಾಫೈಟನ್ನು ಪೊಟ್ಯಾಸಿಯಂ ಕ್ಲೋರೇಟ್ ಮತ್ತು ಹೊಗೆಯಾಡುವ ನೈಟ್ರಿಕ್ ಆಮ್ಲದ ಜೊತೆ ಬಿಸಿ ಮಾಡಿ, ಆಮ್ಲಜನಕ ಮತ್ತು ಹೈಡ್ರೋಜನ್ ಸೇರಿಕೊಂಡ ಹೊಸ ಸಂಯುಕ್ತವೊಂದನ್ನು ಪಡೆದರು. ಅದಕ್ಕೆ ಅವರಿಟ್ಟ ಹೆಸರು ಗ್ರಾಫಿಟಿಕ್ ಆಮ್ಲ. ಅವರ ಉದ್ದೇಶ ಹಾಳೆ ತಯಾರಿಸುವುದಲ್ಲ, ಗ್ರಾಫೈಟಿನ ಪರಮಾಣು ತೂಕ ಕಂಡುಹಿಡಿಯುವುದು. ಅದು 33 ಎಂದು ಲೆಕ್ಕ ಹಾಕಿ, ಗ್ರಾಫೈಟ್ ಸಾಮಾನ್ಯ ಇಂಗಾಲಕ್ಕಿಂತ ಬೇರೆಯಾದುದೆಂದು ಅವರು ಭಾವಿಸಿದ್ದರು. ತೀರ್ಮಾನ ತಪ್ಪಾಗಿತ್ತು, ಆದರೆ ಪ್ರಯೋಗ ಉಳಿಯಿತು. 1898ರಲ್ಲಿ ಸ್ಟೌಡೆನ್‌ಮೈಯರ್ ಅದನ್ನು ಸುಧಾರಿಸಿದರು. ಆದರೂ ಕ್ಲೋರೇಟಿನಿಂದಾಗುವ ಆಸ್ಫೋಟದ ಭಯ ಹೋಗಲಿಲ್ಲ.

ಕಾರ್ಖಾನೆಗೆ ಒಗ್ಗುವ ವಿಧಾನವನ್ನು ಅಮೆರಿಕದ ವಿಲಿಯಂ ಹಮ್ಮರ್ಸ್ ಮತ್ತು ರಿಚರ್ಡ್ ಆಫ್‌ಮನ್ 1958ರಲ್ಲಿ ಪ್ರಕಟಿಸಿದರು. 100 ಗ್ರಾಂ ಗ್ರಾಫೈಟ್, 50 ಗ್ರಾಂ ಸೋಡಿಯಂ ನೈಟ್ರೇಟ್, 300 ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟ್, 2.3 ಲೀಟರ್ ಗಂಧಕಾಮ್ಲ. ಎರಡು ಗಂಟೆಯೊಳಗೆ ಕ್ರಿಯೆ ಮುಗಿಯುತ್ತದೆ. ಪದರಗಳ ನಡುವೆ ಆಮ್ಲಜನಕ ಹೊಕ್ಕು ಅಂತರ ಹಿಗ್ಗುತ್ತದೆ, ಆ ಬಳಿಕ ನೀರಿನಲ್ಲಿ ಕಲಕಿದರೆ ಹಾಳೆಗಳು ಬಿಡಿಬಿಡಿಯಾಗುತ್ತವೆ. ಇಂದಿಗೂ ಗ್ರಾಫೀನ್ ಆಕ್ಸೈಡ್ ತಯಾರಾಗುವುದು ಬಹುಮಟ್ಟಿಗೆ ಈ ಪಾಕದ ರೂಪಾಂತರಗಳಿಂದಲೇ. ಮೇಲಿನ ಅಳತೆಯಲ್ಲಿಯೇ ಅದರ ಕಷ್ಟವೂ ಅಡಗಿದೆ: ಒಂದು ಕಿಲೋ ಗ್ರಾಫೈಟಿಗೆ 23 ಲೀಟರ್ ಗಂಧಕಾಮ್ಲ ಬೇಕು. ಅದನ್ನೆಲ್ಲ ತೊಳೆದು ತೆಗೆಯುವುದು, ತೊಳೆದ ಆಮ್ಲದ ನೀರನ್ನು ಶುದ್ಧಿ ಮಾಡುವುದು ಮೂಲಕ್ರಿಯೆಗಿಂತ ದೊಡ್ಡ ಕೆಲಸ. ವಿಷಾನಿಲ ಹೊಮ್ಮಿಸುತ್ತಿದ್ದ ಸೋಡಿಯಂ ನೈಟ್ರೇಟನ್ನು ಕೈಬಿಟ್ಟು ಫಾಸ್ಫಾರಿಕ್ ಆಮ್ಲ ಸೇರಿಸುವ ಕ್ರಮವನ್ನು ರೈಸ್ ವಿಶ್ವವಿದ್ಯಾಲಯದ ಜೇಮ್ಸ್ ಟೂರ್ ತಂಡ 2010ರಲ್ಲಿ ತೋರಿಸಿತು.

ಆಕ್ಸೈಡ್‌ನಲ್ಲಿ ವಿದ್ಯುತ್ ಹರಿಯುವುದಿಲ್ಲ, ಆಮ್ಲಜನಕವನ್ನು ಮತ್ತೆ ತೆಗೆಯಬೇಕು. ಪ್ರಿನ್ಸ್‌ಟನ್‌ನ ಸಂಶೋಧಕರು ಅದನ್ನು ಒಮ್ಮೆಲೇ 1050 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರು. ಒಳಗೇ ಹುಟ್ಟಿದ ಅನಿಲದ ಒತ್ತಡಕ್ಕೆ ಪದರಗಳು ಸಿಡಿದು ಬೇರೆಯಾದವು. ಹೀಗೆ ಸಿಗುವ ಹಾಳೆಗಳಲ್ಲಿ ತೂತು, ಸುಕ್ಕು ತಪ್ಪಿದ್ದಲ್ಲ. ಬಣ್ಣ, ರಬ್ಬರ್, ಪ್ಲಾಸ್ಟಿಕ್‌ಗಳಿಗೆ ಅಷ್ಟು ಸಾಕು, ಚಿಪ್‌ಗಳಿಗೆ ಸಾಲದು.

1962ರಲ್ಲಿಯೇ ಜರ್ಮನಿಯ ಹಾನ್ಸ್ ಪೀಟರ್ ಬೋಮ್ ಅತಿ ತೆಳು ಇಂಗಾಲದ ಹಾಳೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರು. 1986ರಲ್ಲಿ ಸಹೋದ್ಯೋಗಿಗಳ ಜೊತೆ ಗ್ರಾಫೀನ್ ಎಂಬ ಹೆಸರನ್ನು ಸೂಚಿಸಿದವರೂ ಅವರೇ. ಆದರೆ ಜಗತ್ತಿನ ಗಮನ ತಿರುಗಿದ್ದು 2004ರಲ್ಲಿ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅಂಟುಪಟ್ಟಿಯಿಂದ ಗ್ರಾಫೈಟಿನ ಪದರ ಕಿತ್ತು ಅದರ ವಿದ್ಯುತ್ ಗುಣಗಳನ್ನು ಅಳೆದರು, 2010ರ ನೊಬೆಲ್ ಪಡೆದರು. ಈ ವಿಧಾನದಲ್ಲಿ ಬರುವ ತುಣುಕುಗಳು ಅತ್ಯುತ್ತಮ, ಆದರೆ ಕೂದಲಿನ ದಪ್ಪದಷ್ಟು ಅಗಲವಿದ್ದರೆ ಹೆಚ್ಚು. ಪ್ರಯೋಗಾಲಯಕ್ಕೆ ಅದು ವರ, ಕಾರ್ಖಾನೆಗೆ ಅದರಿಂದ ಪ್ರಯೋಜನವಿರಲಿಲ್ಲ.

ಆಮ್ಲವಿಲ್ಲದೆಯೂ ಪದರ ಬಿಡಿಸಬಹುದೆಂದು ತೋರಿಸಿದ್ದು ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಜೊನಾಥನ್ ಕೋಲ್ಮನ್ ತಂಡ. 2008ರಲ್ಲಿ ಅವರು ಸೂಕ್ತ ದ್ರಾವಕದಲ್ಲಿ ಗ್ರಾಫೈಟನ್ನು ಶ್ರವಣಾತೀತ ಧ್ವನಿಯಿಂದ ಅಲುಗಾಡಿಸಿದರು. 2014ರಲ್ಲಿ ವೇಗವಾಗಿ ತಿರುಗುವ ಮಿಶ್ರಣ ಯಂತ್ರದ ಸೀಳುಬಲವೇ ಸಾಕೆಂದು ಸಾಬೀತುಪಡಿಸಿದರು. ಅಡುಗೆಮನೆಯ ಮಿಕ್ಸಿ, ಪಾತ್ರೆ ತೊಳೆಯುವ ದ್ರವ ಬಳಸಿಯೂ ಮಾಡಿ ನೋಡಿದರು. ಬ್ರಿಟನ್ನಿನ ಥಾಮಸ್ ಸ್ವಾನ್ ಕಂಪನಿ ಇದನ್ನು ಉತ್ಪಾದನೆಗೆ ತಂದಿತು. ತೊಂದರೆ ಇಷ್ಟೇ: ಬರುವುದು ಕೆಲವು ಪದರಗಳ ಸಣ್ಣ ಚೂರುಗಳು. ಉಳಿದ ದಪ್ಪ ಗ್ರಾಫೈಟನ್ನು ಬೇರ್ಪಡಿಸಿ ಮತ್ತೆ ಯಂತ್ರಕ್ಕೆ ಹಾಕುತ್ತಲೇ ಇರಬೇಕು.

ಬೆಳೆಸುವ ದಾರಿಗೆ ತಿರುವು ಕೊಟ್ಟದ್ದು ತಾಮ್ರ. 2009ರಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ರಾಡ್ನಿ ರುಓಫ್ ತಂಡ ಸುಮಾರು 1000 ಡಿಗ್ರಿಯಲ್ಲಿ ತಾಮ್ರದ ತೆಳು ತಗಡಿನ ಮೇಲೆ ಮೀಥೇನ್ ಹರಿಸಿತು. ತಾಮ್ರವೇ ಏಕೆಂದರೆ, ನಿಕ್ಕಲ್‌ನಂಥ ಲೋಹ ಇಂಗಾಲವನ್ನು ಕರಗಿಸಿಕೊಂಡು, ತಣಿಯುವಾಗ ಹೊರಹಾಕುತ್ತದೆ, ಹಾಗಾಗಿ ಅದರ ಮೇಲೆ ಪದರಗಳು ಏರುಪೇರಾಗಿ ಬೀಳುತ್ತವೆ. ತಾಮ್ರದಲ್ಲಿ ಇಂಗಾಲ ಕರಗುವುದೇ ಇಲ್ಲವೆನ್ನುವಷ್ಟು ಕಡಿಮೆ. ಮೊದಲ ಪದರ ಮೇಲ್ಮೈಯನ್ನು ಮುಚ್ಚಿದೊಡನೆ ಮೀಥೇನ್ ಒಡೆಯಲು ತಾಮ್ರ ಸಿಗದೆ ಬೆಳವಣಿಗೆ ತಾನಾಗಿ ನಿಲ್ಲುತ್ತದೆ. ಇಡೀ ಇತಿಹಾಸದಲ್ಲಿ ಇದಕ್ಕಿಂತ ಸೊಗಸಾದ ಪರಿಹಾರ ಇನ್ನೊಂದಿಲ್ಲ. ಮರುವರ್ಷವೇ ದಕ್ಷಿಣ ಕೊರಿಯಾದ ಸುಂಗ್‌ಕ್ಯುನ್‌ಕ್ವಾನ್ ವಿಶ್ವವಿದ್ಯಾಲಯ ಮತ್ತು ಸ್ಯಾಮ್‌ಸಂಗ್‌ನ ಸಂಶೋಧಕರು 30 ಇಂಚಿನ ಪೊರೆ ಬೆಳೆಸಿ, ಉರುಳೆಗಳ ನಡುವೆ ಹಾಯಿಸಿ ಪ್ಲಾಸ್ಟಿಕ್ ಹಾಳೆಗೆ ವರ್ಗಾಯಿಸಿದರು. 2013ರಲ್ಲಿ ಸೋನಿ ಸಂಶೋಧಕರ ಪೊರೆ 100 ಮೀಟರ್ ಉದ್ದವಾಯಿತು.

ಇಷ್ಟಾದರೂ ಪಾರದರ್ಶಕ ವಾಹಕ ಬೇಡುವ ಟಚ್‌ಸ್ಕ್ರೀನ್ ಮಾರುಕಟ್ಟೆ ಇಂಡಿಯಂ ಟಿನ್ ಆಕ್ಸೈಡ್ ಕೈಯಲ್ಲೇ ಉಳಿಯಿತು. ಕಷ್ಟವಿದ್ದದ್ದು ಬೆಳೆಸುವುದರಲ್ಲಿ ಅಲ್ಲ, ಬಿಡಿಸಿ ಬೇರೆಡೆ ಕೂರಿಸುವುದರಲ್ಲಿ. ತಾಮ್ರವನ್ನು ಕರಗಿಸಿ ಪೊರೆಯನ್ನು ಎತ್ತುವಾಗ ಅದು ಹರಿಯುತ್ತದೆ, ಸುಕ್ಕಾಗುತ್ತದೆ, ಅದರ ಮೇಲೆ ಅಂಟಿನ ಕಲೆ ಉಳಿಯುತ್ತದೆ. ವರ್ಗಾವಣೆಯೇ ಬೇಡವೆಂದು ಸಂವೇದಕಗಳಿಗಾಗಿ ನೇರವಾಗಿ ಚಿಪ್ ತಯಾರಿಕೆಯ ಬಿಲ್ಲೆಯ (ವೇಫರ್) ಮೇಲೆಯೇ ಗ್ರಾಫೀನ್ ಬೆಳೆಸುವ ದಾರಿಯನ್ನು ಕೇಂಬ್ರಿಜ್‌ನಿಂದ ಹುಟ್ಟಿದ ಪ್ಯಾರಾಗ್ರಾಫ್ ಕಂಪನಿ ಹಿಡಿಯಿತು.

ಪುಡಿಯ ಮಾರುಕಟ್ಟೆಯಲ್ಲಿ ಪ್ರಶ್ನೆ ಬೇರೆಯೇ ಇತ್ತು: ಡಬ್ಬಿಯೊಳಗೆ ಇರುವುದೇನು? 2017ರ ಅಂತರರಾಷ್ಟ್ರೀಯ ಮಾನಕ ಗ್ರಾಫೀನ್ ಎಂದರೆ ಒಂದೇ ಪದರ ಎಂದಿತು, 3ರಿಂದ 10 ಪದರಗಳನ್ನು ಬೇರೆಯಾಗಿ ಗುರುತಿಸಿತು. 2018ರಲ್ಲಿ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಆಂಟೋನಿಯೊ ಕ್ಯಾಸ್ಟ್ರೊ ನೆಟೊ ಮತ್ತವರ ಸಂಗಡಿಗರು 60 ಕಂಪನಿಗಳ ಮಾದರಿಗಳನ್ನು ಪರೀಕ್ಷಿಸಿದಾಗ, ಹೆಚ್ಚಿನವುಗಳಲ್ಲಿ ನಿಜವಾದ ಗ್ರಾಫೀನ್ ಪಾಲು ಶೇ 10ಕ್ಕಿಂತ ಕಡಿಮೆಯಿತ್ತು, ಉಳಿದದ್ದು ಸಣ್ಣಗೆ ಒಡೆದ ಗ್ರಾಫೈಟ್. ಗ್ರಾಫೀನ್ ಹಾಕಿದೆವು, ಗುಣ ಕಾಣಲಿಲ್ಲ ಎಂದ ತಯಾರಕರ ದೂರಿಗೆ ಇದರಲ್ಲಿ ಉತ್ತರವಿದೆ. ಪದರಗಳನ್ನು ಎಣಿಸಲು, ದೋಷ ಗುರುತಿಸಲು ನೆಚ್ಚುವ ಮುಖ್ಯ ಸಾಧನ, ಚದುರಿದ ಬೆಳಕನ್ನು ಅಳೆಯುವ ರಾಮನ್ ರೋಹಿತ. ಇದರಲ್ಲಿ ಬೆಂಗಳೂರಿಗೂ ಪಾಲಿದೆ. ವಿದ್ಯುದಾವೇಶ ಬದಲಾದಂತೆ ಗ್ರಾಫೀನ್‌ನ ರಾಮನ್ ರೇಖೆಗಳು ಹೇಗೆ ಸರಿಯುತ್ತವೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಎ. ಕೆ. ಸೂದ್ ತಂಡ 2008ರಲ್ಲಿ ವಿವರಿಸಿತು. ತಯಾರಿಕೆಯಲ್ಲೂ ಅಷ್ಟೇ: ನಗರದ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ. ಎನ್. ಆರ್. ರಾವ್ ತಂಡ ಹೈಡ್ರೋಜನ್ ಅನಿಲದಲ್ಲಿ ಗ್ರಾಫೈಟ್ ಕಡ್ಡಿಗಳ ನಡುವೆ ವಿದ್ಯುತ್ ಚಾಪ ಹೊತ್ತಿಸಿ ಕೆಲವೇ ಪದರಗಳ ಗ್ರಾಫೀನ್ ಪಡೆಯಿತು; ಬೋರಾನ್, ನೈಟ್ರೋಜನ್ ಬೆರೆಸಿದ ಬಗೆಗಳನ್ನೂ ಅದೇ ಕ್ರಮದಲ್ಲಿ ತಯಾರಿಸಿತು.

ಬಳಕೆ ಸದ್ದಿಲ್ಲದ ಕಡೆಗಳಲ್ಲಿ ಬೇರೂರಿತು. 2018ರಿಂದ ಫೋರ್ಡ್ ತನ್ನ ಕಾರುಗಳ ಎಂಜಿನ್ ಭಾಗಗಳ ಫೋಮ್‌ಗೆ ಶೇ ಅರ್ಧಕ್ಕಿಂತ ಕಡಿಮೆ ಗ್ರಾಫೀನ್ ಬೆರೆಸಿ ಸದ್ದು ತಗ್ಗಿಸಿತು. ಅದೇ ವರ್ಷದ ಹುವಾವೆ ಮೇಟ್ 20 ಎಕ್ಸ್ ಫೋನು ಶಾಖ ಚದುರಿಸಲು ಗ್ರಾಫೀನ್ ಪೊರೆ ಬಳಸಿತು. ಇಂಥ ಪೊರೆಗಳಿಗೆ ಆಕ್ಸೈಡ್ ಹಾಳೆಯನ್ನು ಸುಮಾರು 3000 ಡಿಗ್ರಿವರೆಗೆ ಕಾಯಿಸಿ, ಒತ್ತಿ, ದೋಷಗಳನ್ನು ವಾಸಿ ಮಾಡುತ್ತಾರೆ. ಕೊನೆಗೆ ಉಳಿಯುವುದು ಸಾವಿರಾರು ಪದರಗಳ ಹಾಳೆ. ಅದನ್ನು ಗ್ರಾಫೀನ್ ಎನ್ನುವುದು ಉದಾರತೆಯೇ ಸರಿ, ಆದರೆ ಶಾಖ ಸಾಗಿಸುವ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ.

2020ರಲ್ಲಿ ಟೂರ್ ತಂಡ ಕಲ್ಲಿದ್ದಲು, ಪ್ಲಾಸ್ಟಿಕ್ ಕಸ, ಆಹಾರ ತ್ಯಾಜ್ಯಗಳಿಗೆ ಕ್ಷಣಮಾತ್ರದಲ್ಲಿ ಭಾರಿ ವಿದ್ಯುತ್ ಹಾಯಿಸಿ, ಸುಮಾರು 3000 ಕೆಲ್ವಿನ್ ಶಾಖದಲ್ಲಿ ಗ್ರಾಫೀನ್ ಮಾಡಿ ತೋರಿಸಿತು. ಇದಕ್ಕೆ ಕುಲುಮೆಯೂ ಬೇಡ, ದ್ರಾವಕವೂ ಬೇಡ. ಪದರಗಳು ಒಂದರ ಮೇಲೊಂದು ಓರೆಯಾಗಿ ಕೂರುವುದರಿಂದ ಸುಲಭವಾಗಿ ಬಿಡಿಸಿಕೊಳ್ಳುತ್ತವೆ. ಕಾಂಕ್ರೀಟ್, ಪ್ಲಾಸ್ಟಿಕ್‌ಗಳಿಗೆ ಅಗ್ಗದ ಪುಡಿ ಒದಗಿಸುವುದು ಇದರ ಗುರಿ. ಅದೇ ವರ್ಷ ಕೆನಡಾದ ನ್ಯಾನೊಎಕ್ಸ್‌ಪ್ಲೋರ್ ಮಾಂಟ್ರಿಯಲ್‌ನಲ್ಲಿ ವರ್ಷಕ್ಕೆ 4000 ಟನ್ ಸಾಮರ್ಥ್ಯದ ಘಟಕ ತೆರೆಯಿತು. ಅಲ್ಲಿ ತಯಾರಾಗುವುದು ಪ್ಲಾಸ್ಟಿಕ್‌ಗೆ ಬೆರೆಸುವ, ಕೆಲವು ಪದರಗಳ ಪುಡಿ.